ತೋಟದ ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ?

ಬೆಂಗಳೂರಿನಿಂದ ಹೊರಟವರಿಗೆ ನೆಲಮಂಗಲದಲ್ಲಿ ಹೆದ್ದಾರಿ ಎರಡಾಗುತ್ತದೆ. ಒಂದು ತುಮಕೂರಿನತ್ತ ಹೋದರೆ ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಟ್ಟವನ್ನಿಳಿದು ಮಂಗಳೂರು ಸೇರುತ್ತದೆ. ನಮ್ಮ ಕಾಫಿ ಮೂಟೆ, ಅಡಿಕೆ ಚೀಲಗಳು ಓಡಾಡುವ ದಾರಿ ಇದು. ಕೈಮೀರಿದ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಕರಾವಳಿಯಿಂದ, ಮಲೆನಾಡಿನಿಂದ ಬೆಂಗಳೂರಿಗೆ ಓಡುವ ದಾರಿಯೂ ಇದೇ. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನಗಳ ಹಸುಗೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ ಸುದ್ದಿ ಸದಸ್ಯ ಬಾಂಧವರಿಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರೂ ಊರವರೂ ನಿಂತು ರಸ್ತೆಯನ್ನು ತೆರವು ಮಾಡಿಕೊಟ್ಟರು. ಮನುಷ್ಯರಲ್ಲಿ ನಂಬಿಕೆ ಹುಟ್ಟಿಸುವ ಕೆಲಸ ಅದು.

ಆದರೆ ಆ ಸುದ್ದಿಯನ್ನು ಓದಿದ ದಿನ ನಮ್ಮ ಮನಸ್ಸಿಗೆ ಬಂದ ಪ್ರಶ್ನೆಯೇ ಬೇರೆ. ಹೆದ್ದಾರಿಗೆ ಬಂದು ಮುಟ್ಟಿದ ರೋಗಿಗೆ ದಾರಿ ಬಿಡುವವರು ಬಹಳ ಮಂದಿ ಇದ್ದಾರೆ. ಹೆದ್ದಾರಿಯವರೆಗೆ ಬರಲಾಗದ ರೋಗಿಯ ಗತಿಯೇನು?

ಈಚೆಗೆ ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯ ರೈತ ಮಿತ್ರರೊಡನೆ ಮಾತಿಗೆ ಕುಳಿತಾಗ ಇದೇ ವಿಷಯ ಬಂತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳು, ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ, ಬೆಂಗಳೂರಿನಿಂದ ಸುಮಾರು 25ರಿಂದ 40 ಕಿಲೋಮೀಟರಿನೊಳಗೆ ಇವೆ. ನೆಲ ಬಯಲು, ರಸ್ತೆ ನೇರ. "ನಮಗೇನು ಸುಲಭವೆಂದು ತಿಳಿಯಬೇಡಿ ಸ್ವಾಮಿ. ಗೊರಗುಂಟೆಪಾಳ್ಯದ ಹತ್ತಿರ ಗಾಡಿಗಳ ನಡುವೆ ಸಿಕ್ಕಿಕೊಂಡರೆ ಆಂಬುಲೆನ್ಸಿನ ಕೂಗೂ ವ್ಯರ್ಥ" ಎಂದು ಒಬ್ಬರು ಹೇಳಿದರು. ನಿಜವೇ. ಆದರೂ ಅವರ 40 ಕಿಲೋಮೀಟರೂ ನಮ್ಮ 40 ಕಿಲೋಮೀಟರೂ ಒಂದೇ ಅಲ್ಲ. ಬಯಲುಸೀಮೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ಘಟ್ಟದ ಅಡಿಯ ಊರುಗಳಲ್ಲಿ ಅದನ್ನು ಏರು, ಇಳಿತ, ಹೊಳೆ, ಮಳೆ ಇವುಗಳಲ್ಲಿ ಅಳೆಯಬೇಕು.

ಮೂರು ಬಗೆಯ ತಡ

ರೋಗಿಯ ಜೀವ ಹೋಗುವುದು ರೋಗದಿಂದ ಮಾತ್ರವಲ್ಲ, ತಡದಿಂದಲೂ ಹೋಗುತ್ತದೆ. ಹೆರಿಗೆಯ ಸಾವುಗಳನ್ನು ಅಭ್ಯಾಸ ಮಾಡಿದ ತಜ್ಞರು 1994ರಲ್ಲಿ ಈ ತಡವನ್ನು ಮೂರಾಗಿ ವಿಂಗಡಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವಲ್ಲಿ ಆಗುವ ತಡ ಮೊದಲನೆಯದು. ಹೊರಟ ಮೇಲೆ ಆಸ್ಪತ್ರೆಯನ್ನು ಮುಟ್ಟುವಲ್ಲಿ ಆಗುವುದು ಎರಡನೆಯದು. ಮುಟ್ಟಿದ ಮೇಲೆ ತಕ್ಕ ಚಿಕಿತ್ಸೆ ಸಿಗುವಲ್ಲಿ ಆಗುವುದು ಮೂರನೆಯದು.

ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ನಮ್ಮ ಊರುಗಳಲ್ಲಿ ಇರುವವರಿಗೆ ವಿವರಿಸಬೇಕಾಗಿಲ್ಲ. ದಾರಿ ಕಷ್ಟವೆಂದು ಗೊತ್ತಿರುವುದರಿಂದಲೇ "ಬೆಳಗಾಗಲಿ, ಮಳೆ ಸ್ವಲ್ಪ ಬಿಡಲಿ" ಎಂದು ಮನೆಯವರು ಕಾಯುತ್ತಾರೆ. ಹೊತ್ತು ಹೋದರೂ ಅಲ್ಲಿ ಡಾಕ್ಟರು ಇರುತ್ತಾರೋ ಇಲ್ಲವೋ ಎಂಬ ಅನುಮಾನದಿಂದ ಇನ್ನೂ ಒಂದು ಗಂಟೆ ಕಾಯುತ್ತಾರೆ. ಹೊರಗಿನವರು ಇದನ್ನು ಹಳ್ಳಿಯವರ ಅಜ್ಞಾನವೆಂದು ಕರೆಯುತ್ತಾರೆ. ಇದು ಅಜ್ಞಾನವಲ್ಲ, ಅನುಭವ ಕಲಿಸಿದ ಲೆಕ್ಕ. ಆದರೆ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ, ಮತ್ತು ತಪ್ಪಿದಾಗ ಅದರ ಬೆಲೆ ಬಹಳ.

ಅಂಗಳದಿಂದ ರಸ್ತೆಯವರೆಗೆ

ಅಡಿಕೆ ತೋಟವಿರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ನೀರಿದ್ದಲ್ಲಿ ತೋಟ, ತೋಟವಿದ್ದಲ್ಲಿ ಮನೆ. ಹೀಗೆ ನಮ್ಮ ಹಿರಿಯರು ಮನೆ ಕಟ್ಟಿದ್ದು ನೀರನ್ನು ನೋಡಿಯೇ ಹೊರತು ರಸ್ತೆಯನ್ನು ನೋಡಿ ಅಲ್ಲ. ಇಂದಿಗೂ ಎಷ್ಟೋ ಮನೆಗಳಿಗೆ ಕೊನೆಯ ಅರ್ಧ ಕಿಲೋಮೀಟರು ಕಾಲುದಾರಿ, ನಡುವೆ ಒಂದು ತೋಡು, ತೋಡಿಗೊಂದು ಸಂಕ. ಬೇಸಿಗೆಯಲ್ಲಿ ಜೀಪು ಇಳಿಯುವ ಮಣ್ಣುದಾರಿ ಜೂನ್ ಬಂದರೆ ಕೆಸರು.

ಕಾಲುಸಂಕ ಎಂದರೆ ಏನೆಂದು ಪಟ್ಟಣದವರಿಗೆ ತಿಳಿದದ್ದು ದುಃಖದ ಸುದ್ದಿಗಳ ಮೂಲಕ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆರೋಗ್ಯವಾಗಿರುವ ಮಗು ದಾಟಲಾರದ ಸಂಕವನ್ನು ಜ್ವರದವರು, ಬಸುರಿಯರು, ಮುದುಕರು ಹೇಗೆ ದಾಟಬೇಕು? ಕಾರವಾರ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಬೆಟ್ಟದ ಮಜರೆಗಳಿಂದ ರೋಗಿಗಳನ್ನು ಕಂಬಳಿಯ ಜೋಳಿಗೆ ಕಟ್ಟಿ, ಗಳುವಿಗೆ ತೂಗಿ, ಹೆಗಲ ಮೇಲೆ ಹೊತ್ತು ತರುವ ಚಿತ್ರಗಳು ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಬರುತ್ತವೆ.

ಇಲ್ಲಿ ನಮ್ಮದೇ ಒಂದು ಅನುಭವವನ್ನು ಬರೆಯದೆ ಮುಂದೆ ಹೋಗಲಾಗದು. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುತ್ತಿದ್ದ ನಮ್ಮ ನೆರೆಯ ಯುವಕನೊಬ್ಬ ಅಡಿಕೆ ಮರದಿಂದ ಬಿದ್ದ. ಪ್ರಜ್ಞೆ ಇತ್ತು, ಮಾತನಾಡುತ್ತಿದ್ದ. ನಾವು ಏಳೆಂಟು ಮಂದಿ ಓಡಿಹೋಗಿ ಅವನನ್ನೆತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಸೊಂಟಕ್ಕೆ ಬೈರಾಸು ಕಟ್ಟಿ, ಜಾರುವ ಏರಿನಲ್ಲಿ ಹೊತ್ತುಕೊಂಡು ರಸ್ತೆ ಮುಟ್ಟಿಸಿದೆವು. ಅಲ್ಲಿಂದ ಜೀಪಿನ ಹಿಂದಿನ ಸೀಟಿನಲ್ಲಿ ಮಡಿಸಿ ಮಲಗಿಸಿ ಪೇಟೆಗೆ ಒಯ್ದೆವು. ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿದೆವೆಂಬ ಸಮಾಧಾನ ನಮಗಿತ್ತು. ಬೆನ್ನುಮೂಳೆ ಮುರಿದವರನ್ನು ಕೂರಿಸಬಾರದು, ಬೆನ್ನು ಬಗ್ಗಿಸಬಾರದು ಎಂದು ವೈದ್ಯರು ಹೇಳಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಆ ಯುವಕ ಇಂದಿಗೂ ನಡೆಯುವುದಿಲ್ಲ. ಬಿದ್ದ ಪೆಟ್ಟಿನಿಂದ ಆದದ್ದೆಷ್ಟು, ನಾವು ಹೊತ್ತ ರೀತಿಯಿಂದ ಆದದ್ದೆಷ್ಟು ಎಂದು ಹೇಳಬಲ್ಲವರು ಯಾರೂ ಇಲ್ಲ. ಅವನ ಮನೆಯವರು ಒಂದು ಮಾತೂ ಆಡಲಿಲ್ಲ, ನಮಗೆ ಕಾಫಿ ಕೊಟ್ಟೇ ಕಳಿಸುತ್ತಾರೆ. ಅವನು ಬಿದ್ದ ಮರದಿಂದ ಹತ್ತು ಮಾರು ದೂರದಲ್ಲಿ ಅಟ್ಟಕ್ಕೆ ಒರಗಿಸಿದ ಬಿದಿರಿನ ಏಣಿಯಿತ್ತು. ಅದರ ಮೇಲೆ ಹಲಗೆಯೋ ಕಂಬಳಿಯೋ ಹಾಸಿ ನೆಟ್ಟಗೆ ಮಲಗಿಸಿ ತರಬಹುದಿತ್ತು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅದೇ.

ದಾರಿ ಮಾಡಿಕೊಂಡವರೂ ಇದ್ದಾರೆ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಊರವರ ಬೇಡಿಕೆಯಿಂದ, ಊರವರ ದುಡಿಮೆಯೂ ಸೇರಿ ಎದ್ದ ಸೇತುವೆ ಅದು. ಮುಂದೆ ಅವರು ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಗೌರವ ಪಡೆದರು. ಸೇತುವೆಯನ್ನು ನಾವು ಲೋಕೋಪಯೋಗಿ ಇಲಾಖೆಯ ವಿಷಯವೆಂದು ತಿಳಿಯುತ್ತೇವೆ. ಹೊಳೆಯಾಚೆಯ ಮನೆಯವರಿಗೆ ಅದು ಆರೋಗ್ಯ ಇಲಾಖೆಯ ವಿಷಯವೂ ಹೌದು.

ರಸ್ತೆಯಿಂದ ಆಸ್ಪತ್ರೆಯವರೆಗೆ

ರಸ್ತೆ ಮುಟ್ಟಿದರೆ ಕಷ್ಟ ಮುಗಿಯಿತೆನ್ನುವಂತಿಲ್ಲ. ಘಟ್ಟದ ಮೇಲಿನವರಿಗೆ ದೊಡ್ಡ ಆಸ್ಪತ್ರೆ ಘಟ್ಟದ ಕೆಳಗೆ. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ ಆರಂಭವಾದದ್ದು 1880ರಲ್ಲಿ. ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು 1953ರಲ್ಲಿ. ಅಂದಿನಿಂದ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು, ಕಾಸರಗೋಡುಗಳ ಜನ "ಇನ್ನು ಮಣಿಪಾಲಕ್ಕೇ ಒಯ್ಯಬೇಕು", "ಮಂಗಳೂರಿಗೇ ಒಯ್ಯಬೇಕು" ಎನ್ನುವ ಮಾತಿಗೆ ಒಗ್ಗಿಹೋಗಿದ್ದಾರೆ. ಆದರೆ ನಡುವೆ ಘಟ್ಟವಿದೆ. ಆಗುಂಬೆ ಘಟ್ಟದಲ್ಲಿ 14 ತಿರುವುಗಳು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ ಮಳೆ. 2018ರ ಆಗಸ್ಟ್ ಮಳೆಗೆ ಶಿರಾಡಿ ಘಟ್ಟದಲ್ಲೂ ಮಡಿಕೇರಿ–ಸಂಪಾಜೆ ದಾರಿಯಲ್ಲೂ ಗುಡ್ಡ ಕುಸಿದು ಸಂಚಾರ ನಿಂತಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ ಬಂತು.

ಮಂಗನ ಕಾಯಿಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಉಣ್ಣೆಯಿಂದ ಬರುತ್ತದೆ. ತರಗೆಲೆ ತರುವವರಿಗೆ, ಸೊಪ್ಪು ಸವರುವವರಿಗೆ, ದನ ಮೇಯಿಸುವವರಿಗೆ, ಅಂದರೆ ನಮ್ಮಂಥವರಿಗೇ ಬರುತ್ತದೆ. ಇದಕ್ಕೆ ನೇರವಾದ ಔಷಧಿಯಿಲ್ಲ. ಮೈಯೊಳಗಿನ ನೀರು, ರಕ್ತಸ್ರಾವ ಇವನ್ನು ಗಮನಿಸುತ್ತ ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದೇ ಚಿಕಿತ್ಸೆ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರ ಹೊತ್ತಿಗೆ ಅದನ್ನು ಕೊಡುವುದು ನಿಂತಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಈ ಜ್ವರ ಹಬ್ಬಿ ಹಲವರು ತೀರಿಕೊಂಡಾಗ ಅಲ್ಲಿಯ ರೋಗಿಗಳನ್ನು ಘಟ್ಟವಿಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಅಡಿಕೆಯನ್ನೇ ನಂಬಿದ ಆ ಊರುಗಳಲ್ಲಿ ಮನೆಯ ಒಬ್ಬರು ಮಲಗಿದರೆ ಇಬ್ಬರು ಆಸ್ಪತ್ರೆಯಲ್ಲಿ ಕೂರಬೇಕು, ತೋಟಕ್ಕೆ ನೀರು ಬಿಡುವವರಿಲ್ಲ. ರೋಗ ಬೇಸಿಗೆಯದ್ದು, ಡಿಸೆಂಬರಿನಿಂದ ಮೇ ತನಕ. ಮಳೆಯಿಲ್ಲದ ತಿಂಗಳಲ್ಲೂ ಘಟ್ಟ ನಮ್ಮನ್ನು ಬಿಡುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಉತ್ತರ ಕನ್ನಡದ ಕಥೆ ಇನ್ನೂ ಬಿಗಿ. 10,000 ಚದರ ಕಿಲೋಮೀಟರಿಗೂ ಮೀರಿದ ಜಿಲ್ಲೆ, ಬಹುಪಾಲು ಕಾಡು. ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತಾದರೂ ತಲೆಗೆ ಪೆಟ್ಟು, ಹೃದಯದ ತೊಂದರೆ ಎಂದಾಗ ಜನ ಮಣಿಪಾಲಕ್ಕೋ ಗೋವಾದ ಬಾಂಬೋಲಿಂಗೋ ಹುಬ್ಬಳ್ಳಿಗೋ ಓಡುವುದು ತಪ್ಪಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಬರುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆ ತಿಂಗಳು ಜಿಲ್ಲೆಯಾದ್ಯಂತ ಎದ್ದಿತು, ಆಸ್ಪತ್ರೆ ಇಲ್ಲದಿದ್ದರೆ ಓಟೂ ಇಲ್ಲವೆಂದು ಜನ ಹೇಳಿದರು. ಎರಡು ವರ್ಷ ಕಳೆದು, 2024ರ ಜುಲೈ 16ರಂದು, ಅದೇ ಹೆಸರಿನ ಇನ್ನೊಂದು ಊರಿನಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಹಲವರು ಮಡಿದರು. ಕರಾವಳಿಯ ಒಂದೇ ಒಂದು ದೊಡ್ಡ ದಾರಿ ದಿನಗಟ್ಟಲೆ ಮುಚ್ಚಿಹೋಯಿತು. ಆ ದಿನಗಳಲ್ಲಿ ಕುಸಿತದ ಆಚೆಗಿದ್ದ ರೋಗಿಗೆ ಈಚೆಗಿನ ಆಸ್ಪತ್ರೆ ಇದ್ದೂ ಇಲ್ಲದಂತೆ.

ಗಡಿ ಎಂಬ ಇನ್ನೊಂದು ಗುಡ್ಡ

ದಾರಿಯನ್ನು ಮಣ್ಣು ಮುಚ್ಚುವುದು ಮಳೆಯಿಂದ ಮಾತ್ರವಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ದಿಗ್ಬಂಧನದ ಕಾಲದಲ್ಲಿ, ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಬರುವ ದಾರಿಗಳನ್ನು ಮುಚ್ಚಲಾಯಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯ ಕನ್ನಡಿಗರಿಗೂ ತುಳುವರಿಗೂ ಮಲಯಾಳಿಗಳಿಗೂ ತಲೆಮಾರುಗಳಿಂದ ಆಸ್ಪತ್ರೆಯೆಂದರೆ ಮಂಗಳೂರು. ತಲಪಾಡಿ ದಾಟಲಾಗದೆ ರೋಗಿಗಳು ಹಿಂದಿರುಗಿದರು, ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರೆಂದು ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ಬಿಡಿಸಬೇಕೆಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬದಿಯಡ್ಕದ ಸಮೀಪ ಉಕ್ಕಿನಡ್ಕದಲ್ಲಿ ಕಟ್ಟುತ್ತಿದ್ದ ಕಾಸರಗೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ತರಾತುರಿಯಲ್ಲಿ ಕೊರೋನಾ ಆಸ್ಪತ್ರೆಯಾಗಿ ತೆರೆದದ್ದು ಅದೇ ಏಪ್ರಿಲ್‌ನಲ್ಲಿ.

ಸಹಕಾರಿಗಳಾದ ನಾವು ಇದನ್ನು ಮರೆಯಬಾರದು. 1973ರಲ್ಲಿ ಅಡಿಕೆಯ ಬೆಲೆ ಬಿದ್ದು ಬೆಳೆಗಾರ ಕಂಗೆಟ್ಟಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಸಂಸ್ಥೆಯಾಗಿ. ಅಡಿಕೆಗೆ ಗಡಿಯಿಲ್ಲವೆಂದು ನಾವು ಅಂದೇ ಒಪ್ಪಿದೆವು. ಅಡಿಕೆ ಬೆಳೆದವನ ರೋಗಕ್ಕೆ ಗಡಿ ಇರಬಾರದೆಂದು ಹೇಳುವ ಹಕ್ಕು ನಮಗಿದೆ.

ಲೆಕ್ಕದಲ್ಲಿರುವ ಕೊರತೆ

ಸರ್ಕಾರದ ನಿಯಮ ಗುಡ್ಡವನ್ನು ಪೂರ್ತಿ ಮರೆತಿಲ್ಲ. ಬಯಲಿನಲ್ಲಿ 5,000 ಜನಕ್ಕೊಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3,000ಕ್ಕೊಂದು. ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲಿನಲ್ಲಿ 30,000ಕ್ಕೆ, ಗುಡ್ಡಗಾಡಿನಲ್ಲಿ 20,000ಕ್ಕೆ. ಆದರೂ ಲೆಕ್ಕ ತಲೆಗಳದ್ದೇ. ನಮ್ಮ ಮನೆಗಳು ಒಂದೊಂದು ತೋಟಕ್ಕೊಂದರಂತೆ ಚದುರಿವೆ. 3,000 ಜನ ಎಂದರೆ ಎಷ್ಟೋ ಗುಡ್ಡ, ಎಷ್ಟೋ ಹೊಳೆ. ಕಿರಿಯ ಆರೋಗ್ಯ ಸಹಾಯಕಿಯರೂ ಆಶಾ ಕಾರ್ಯಕರ್ತೆಯರೂ ಇದನ್ನು ಕಾಲಿನಿಂದಲೇ ಅಳೆಯುತ್ತಾರೆ.

ಇನ್ನೊಂದು ಕೊರತೆ ನಮ್ಮ ಸಣ್ಣತನದ್ದು. 1951ರ ತೋಟ ಕಾರ್ಮಿಕರ ಕಾಯ್ದೆ ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಅದು ಬರೆದದ್ದು ದೊಡ್ಡ ತೋಟಗಳನ್ನು ಮನಸ್ಸಿನಲ್ಲಿಟ್ಟು. ಎಸ್ಟೇಟುಗಳಿಗೆ ಡಿಸ್ಪೆನ್ಸರಿ ಬಂತು. ಎರಡು ಎಕರೆ ಕಾಫಿ, ಒಂದು ಎಕರೆ ಅಡಿಕೆಯವನಿಗೆ ಮಾಲೀಕನೂ ತಾನೇ, ಆಳೂ ತಾನೇ, ಡಿಸ್ಪೆನ್ಸರಿ ಯಾರು ಕೊಡಬೇಕು? ಕಾಫಿ ಬೆಳೆಗಾರರಲ್ಲಿ ಬಹುತೇಕ ಎಲ್ಲರೂ ಸಣ್ಣ ಹಿಡುವಳಿದಾರರೇ ಎಂಬುದನ್ನು ಗಮನಿಸಿದರೆ ಈ ಬಿರುಕಿನಲ್ಲಿ ಬಿದ್ದವರು ಎಷ್ಟೆಂದು ತಿಳಿದೀತು.

ಆಸ್ಪತ್ರೆಯೇ ಹತ್ತಿರ ಬಂದ ಬಗೆ

ರೋಗಿಯನ್ನು ಒಯ್ಯುವುದು ಒಂದು ದಾರಿಯಾದರೆ ತಜ್ಞರ ಕಣ್ಣನ್ನು ರೋಗಿಯ ಹತ್ತಿರ ತರುವುದು ಇನ್ನೊಂದು. ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸುವ ಕೆಲಸ ಹಿಡಿದರು. ಹಳ್ಳಿಯ ವೈದ್ಯರು ಎದೆನೋವಿನ ರೋಗಿಯ ಇಸಿಜಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ, ಅದು ಹೃದಯಾಘಾತವೇ ಅಲ್ಲವೇ, ಕೂಡಲೇ ಏನು ಮಾಡಬೇಕೆಂದು ತಜ್ಞರು ಅಲ್ಲಿಂದಲೇ ಹೇಳುತ್ತಾರೆ. ವಾಯುವೆಂದು ಸೋಡಾ ಕುಡಿದು ಮಲಗಬೇಕಾಗಿದ್ದವರು ಸಕಾಲದಲ್ಲಿ ಹೊರಡುವಂತಾಯಿತು. ಮೊದಲನೆಯ ತಡವನ್ನು ಕಡಿಮೆ ಮಾಡುವ ಕೆಲಸವೆಂದರೆ ಇದು. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯನ್ನೂ ಸರ್ಕಾರ ಈಚಿನ ವರ್ಷಗಳಲ್ಲಿ ಆರಂಭಿಸಿತು. ಹೃದಯಾಘಾತದಲ್ಲಿ ಮೊದಲ ಗಂಟೆಗಳೇ ಮುಖ್ಯ. ಆದ್ದರಿಂದ ನೂರು ಕಿಲೋಮೀಟರು ದೂರದ ದೊಡ್ಡ ಆಸ್ಪತ್ರೆಗಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗುವುದು ಎಷ್ಟೋ ಸಲ ಜಾಣತನ.

2008ರ ನವೆಂಬರಿನಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಯೂ ದೊಡ್ಡ ಆಸರೆ. ಆದರೆ ನಮ್ಮ ಮನೆಗಳಿಗೆ ಬೀದಿ ಇಲ್ಲ, ನಂಬರು ಫಲಕ ಇಲ್ಲ, ಫೋನಿನ ಸಿಗ್ನಲ್ಲೂ ಗುಡ್ಡದ ತಲೆಯಲ್ಲೇ. ಆಂಬುಲೆನ್ಸ್ ಬಂದರೂ ಯಾವ ತಿರುವಿನಲ್ಲಿ ಇಳಿಯಬೇಕೆಂದು ತಿಳಿಯದೆ ಮುಂದೆ ಹೋಗಿ ಹಿಂದೆ ಬಂದ ಪ್ರಸಂಗಗಳು ಬಹಳ.

ಈ ಮಳೆಗಾಲಕ್ಕೆ ಮೊದಲು ಮಾಡಬಹುದಾದದ್ದು

ರಸ್ತೆ, ಸೇತುವೆ, ಆಸ್ಪತ್ರೆಗಳಿಗಾಗಿ ಒತ್ತಾಯ ನಡೆಯುತ್ತಲೇ ಇರಬೇಕು. ಆದರೆ ಅವು ಬರುವ ತನಕ ಮಳೆ ಕಾಯುವುದಿಲ್ಲ. ಮೇ ತಿಂಗಳಲ್ಲಿ ನಾವು ಸೌದೆ ಒಳಗಿಡುತ್ತೇವೆ, ಹಪ್ಪಳ ಒಣಗಿಸುತ್ತೇವೆ, ಮೈಲುತುತ್ತ ತಂದಿಡುತ್ತೇವೆ. ಅದೇ ಪಟ್ಟಿಗೆ ಕೆಳಗಿನವನ್ನೂ ಸೇರಿಸಬೇಕೆಂದು ನಮ್ಮ ವಿನಂತಿ.

1. ಬಿದ್ದವರನ್ನು ಕೂರಿಸಬೇಡಿ. ಮರದಿಂದ ಬಿದ್ದವರ ಕತ್ತು, ಬೆನ್ನು ಅಲುಗದಂತೆ ಮೂರು ನಾಲ್ಕು ಮಂದಿ ಒಟ್ಟಿಗೆ ಹಿಡಿದು, ಹಲಗೆ ಅಥವಾ ಏಣಿಯ ಮೇಲೆ ಕಂಬಳಿ ಹಾಸಿ ನೆಟ್ಟಗೆ ಮಲಗಿಸಿ, ಜಾರದಂತೆ ಕಟ್ಟಿ ಹೊತ್ತು ತನ್ನಿ. ನೆರೆಕರೆಯವರು ಸೇರಿ ಒಂದು ದಿನ ಇದನ್ನು ಅಭ್ಯಾಸ ಮಾಡಿ ನೋಡಿ. ಊರಿಗೊಂದು ಸ್ಟ್ರೆಚರನ್ನು ಸಂಘದ ಗೋದಾಮಿನಲ್ಲೋ ಹಾಲಿನ ಡೈರಿಯಲ್ಲೋ ಇಡುವುದು ಇನ್ನೂ ಒಳ್ಳೆಯದು.

2. ಎದೆನೋವಿನವರನ್ನು ಏರು ಹತ್ತಿಸಬೇಡಿ. "ನಡೆಯುತ್ತೇನೆ, ಏನೂ ಆಗಿಲ್ಲ" ಎಂದು ಅವರೇ ಹೇಳಿದರೂ ಬೇಡ. ತೋಟದಿಂದ ರಸ್ತೆಗಿರುವ ಏರು ದುರ್ಬಲವಾದ ಹೃದಯಕ್ಕೆ ಭಾರಿ ಹೊರೆ. ಇವರನ್ನು ಮಾತ್ರ ಕುರ್ಚಿಯಲ್ಲಿ ಕೂರಿಸಿ ಹೊರಬಹುದು.

3. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, ನೇರ ಆಸ್ಪತ್ರೆಗೆ ಒಯ್ಯಿರಿ. ಹೊರಡುವಾಗಲೇ ಅಲ್ಲಿ ಪ್ರತಿವಿಷ ಇದೆಯೇ ಎಂದು ಫೋನು ಮಾಡಿ ಕೇಳಿರಿ. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ತೋಟಗಳಲ್ಲಿ ಕಾಣುವ ಗುಳಿಮಂಡಲಗಳ ವಿಷಕ್ಕೆ ಅದು ಹೊಂದುವುದಿಲ್ಲವಾದ್ದರಿಂದ ಹಾವನ್ನು ದೂರದಿಂದ ಕಂಡಿದ್ದರೆ ಅದರ ರೂಪವನ್ನು ವೈದ್ಯರಿಗೆ ಹೇಳಿ. ಹಿಡಿಯಲು, ಕೊಲ್ಲಲು ಹೋಗಿ ಸಮಯ ಕಳೆಯಬೇಡಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ. ನಾವು ಆಸ್ಪತ್ರೆಗೆ ಹೋದರೆ ಮಾತ್ರ ಆ ಲೆಕ್ಕದಲ್ಲಿ ಸೇರುತ್ತೇವೆ, ಲೆಕ್ಕದಲ್ಲಿ ಸೇರಿದರೆ ಮಾತ್ರ ಔಷಧಿ ನಮ್ಮ ಕೇಂದ್ರಕ್ಕೆ ಬರುತ್ತದೆ.

4. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಹೆರಿಗೆಯ ದಿನ ಬಂದರೆ ಹತ್ತು ಹದಿನೈದು ದಿನ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬಸುರಿಯನ್ನು ಕಳಿಸಿ. ತವರಿಗೇ ಹೋಗಬೇಕೆಂಬ ಪದ್ಧತಿ ಒಳ್ಳೆಯದೇ, ಆದರೆ ತವರು ಹೊಳೆಯಾಚೆ ಇದ್ದರೆ ಈ ಸಲಕ್ಕೆ ಚಿಕ್ಕಮ್ಮನ ಮನೆಯೂ ತವರೇ.

5. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ ರೋಗದ ಮಾತ್ರೆಗಳನ್ನು ವೈದ್ಯರಿಗೆ ಹೇಳಿ ಒಂದು ತಿಂಗಳಿಗೆ ಹೆಚ್ಚಾಗಿಯೇ ತಂದಿಡಿ.

6. ರಸ್ತೆಯಿಂದ ಮನೆಗೆ ಇಳಿಯುವ ತಿರುವಿನಲ್ಲಿ ಮನೆತನದ ಹೆಸರಿನ ಫಲಕ ಹಾಕಿ. ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 108, ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ಜೀಪಿನವರು ಇವರ ನಂಬರುಗಳನ್ನು ಬರೆದಿಡಿ. ಫೋನು ಮಾಡಬೇಕಾಗಿ ಬರುವುದು ಮನೆಯ ಮಕ್ಕಳೂ ಆಗಿರಬಹುದು.

ಹಣದ ದೂರ

ದಾರಿ ಸಿಕ್ಕಿದರೂ ಹಣವಿಲ್ಲದೆ ಹಿಂದೆ ಬರುವುದು ಅತಿ ಕಹಿಯಾದ ಮಾತು. ಸಹಕಾರಿ ಸಂಘಗಳ ಸದಸ್ಯರಿಗಾಗಿಯೇ ಇರುವ ಯಶಸ್ವಿನಿ ಯೋಜನೆಯನ್ನು ಇಲ್ಲಿ ನೆನಪಿಸಬೇಕು. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಮೂಡಿ 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ ನಿಂತಿತ್ತು. ಸಹಕಾರಿಗಳ ಒತ್ತಾಯದ ಮೇಲೆ ಸರ್ಕಾರ ಅದನ್ನು 2022–23ರಲ್ಲಿ ಮತ್ತೆ ಆರಂಭಿಸಿತು. ಮರಳಿ ಬಂದಾಗ ಗ್ರಾಮೀಣ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ಗೊತ್ತುಮಾಡಲಾಗಿತ್ತು. ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಮರದಿಂದ ಬಿದ್ದ ಮೇಲೆ ಸಂಘದ ಬಾಗಿಲಿಗೆ ಬಂದವರಿಗೆ ಕಾರ್ಯದರ್ಶಿ ಏನೂ ಮಾಡಲಾರರು. ಪಡಿತರ ಚೀಟಿಯ ಆಧಾರದ ಮೇಲೆ ಸಿಗುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಕಾರ್ಡನ್ನೂ ಮಾಡಿಸಿಡಿ. ಯಾವ ಆಸ್ಪತ್ರೆ ಯಾವ ಯೋಜನೆಯಲ್ಲಿದೆ ಎಂಬ ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ತೂಗುಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನಮ್ಮ ಹಿರಿಯರು ಸಂಘ ಕಟ್ಟಿದ್ದು ಒಬ್ಬೊಬ್ಬರಾಗಿ ಪೇಟೆಗೆ ಹೋದರೆ ಬೆಲೆ ಸಿಗದೆಂಬ ಕಾರಣಕ್ಕೆ. ಒಬ್ಬೊಬ್ಬರಾಗಿ ಆಸ್ಪತ್ರೆಗೆ ಹೊರಟರೂ ಅಷ್ಟೇ ಗತಿ. ರೋಗಿಯನ್ನು ಹೊರಲು ಕನಿಷ್ಠ ನಾಲ್ಕು ಹೆಗಲು ಬೇಕು, ಮತ್ತು ಆ ನಾಲ್ವರಿಗೂ ಹೇಗೆ ಹೊರಬೇಕೆಂಬುದು ಗೊತ್ತಿರಬೇಕು. ನಮ್ಮ ನೆರೆಯ ಆ ಯುವಕ ಈಗ ಮನೆಯ ಜಗುಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾನೆ, ಸಂಘದ ಲೆಕ್ಕಪತ್ರಗಳನ್ನು ನೋಡಿಕೊಡುತ್ತಾನೆ. ಮೊನ್ನೆ ಈ ಲೇಖನದ ಕರಡನ್ನು ಅವನಿಗೇ ಓದಿಹೇಳಿದೆವು. "ಏಣಿಯ ವಿಷಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ" ಎಂದು ಮಾತ್ರ ಹೇಳಿದ. ಮುದ್ರಣಾಲಯದವರಿಗೆ ಹಾಗೆಯೇ ತಿಳಿಸಿದ್ದೇವೆ.